ಪಂಚಮಿಗೆ ಬಂದ ಗಾಡಿ

ಕ್ಯಾಸನೂರು
೧೮ ಆಗಸ್ಟ್ ೨೦೨೪

ಪ್ರೀತಿಯ ಅಣ್ಣನಿಗೆ,

ಗಂಗಿಯ ಶರಣು. ಕೈಕಾಲು ಮುರಿದುಕೊಳ್ಳದೆ ಶಿಕಾರಿಪುರದಿಂದ ಇಲ್ಲಿಯವರೆಗೂ ಗಾಡಿ ಓಡಿಸಿಕೊಂಡು ಬಂದು ಮುಟ್ಟಿದ್ದೇನೆ ಅಂತ ಅವ್ವನಿಗೂ ಚೈತ್ರಶ್ರೀ ಅತ್ತಿಗೆಗೂ ಹೇಳು. ಅವ್ವ ನಂಬದಿದ್ದರೆ ಈ ಕಾಗದ ತೋರಿಸು. ಮುರಿದ ಕೈಯಲ್ಲಿ ಇಷ್ಟು ದುಂಡಗೆ ಬರೆಯಲು ಬರುತ್ತದೆಯೇ?

ಈ ಕಾಲದಲ್ಲಿ ಕಾಗದವೇ ಅಂತ ನಗಬೇಡ. ನಮ್ಮ ಕ್ವಾರ್ಟರ್ಸಿನಲ್ಲಿ ಫೋನು ಹಿಡಿಯಬೇಕಾದರೆ ಆಸ್ಪತ್ರೆಯ ನೀರಿನ ಟ್ಯಾಂಕಿನ ಹತ್ತಿರ ಹೋಗಿ ನಿಲ್ಲಬೇಕು. ಅಲ್ಲಿ ನಿಂತು ಮಾತಾಡಿದರೆ ಡಾಕ್ಟರರಿಂದ ಹಿಡಿದು ಆಯಾ ಲೋಕಮ್ಮನವರೆಗೆ ಎಲ್ಲರಿಗೂ ಕೇಳಿಸುತ್ತದೆ. ಹೇಗೂ ಗಾಡಿಯ ಸಾಮಾನು ಕಳಿಸಲು ಸೊರಬದ ಬಸ್ಸಿನ ಕಂಡಕ್ಟರ್ ಸುರೇಂದ್ರನನ್ನು ಗೊತ್ತು ಮಾಡಿದ್ದೀಯಲ್ಲ, ಅವನ ಕೈಯಲ್ಲೇ ನಮ್ಮ ಮಾತೂ ಓಡಾಡಲಿ.

ಪಂಚಮಿಯ ದಿನ ನೀನು ಅಂಗಳದಲ್ಲಿ ಆ ಬೈಕು ತಂದು ನಿಲ್ಲಿಸಿದ್ದು ಇನ್ನೂ ಕಣ್ಣ ಮುಂದೆ ಇದೆ. ಅಷ್ಟು ದೊಡ್ಡ ಟ್ಯಾಂಕು, ಎರಡೂ ಕಡೆ ಪೆಟ್ಟಿಗೆ, ಎತ್ತರದ ಗಾಜು! ಅವ್ವ ಉಂಡೆ ಕಟ್ಟುತ್ತಿದ್ದವಳು ಎದ್ದು ಬಂದು, "ಅಲ್ಲಲೇ, ಹೆಣ್ಮಗಳಿಗೆ ಬಂಗಾರ ಕೊಡ್ಸೋದು ಬಿಟ್ಟು ಕಬ್ಬಿಣ ತಂದು ನಿಲ್ಸಿದೀಯಲ್ಲ" ಅಂದಳು. ನೀನು ನಗುತ್ತಲೇ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟೆ. ನಾನು ದುಡ್ಡು ಕೊಡಲು ಬಂದರೆ ಕೈ ಹಿಡಿದು ತಡೆದೆ. ಆರು ವರ್ಷದಿಂದ ದೊಡ್ಡ ಗಾಡಿ ಬೇಕು ಅಂದಾಗೆಲ್ಲ ಮನೆಯಲ್ಲಿ ಒಬ್ಬರೂ ಹೂಂ ಅಂದಿರಲಿಲ್ಲ. ಮಾವ ಬಂದಾಗಲೂ ಬೈದ, ಹೋಗುವಾಗಲೂ ಬೈದ. ನನ್ನ ಬೆನ್ನಿಗೆ ನಿಂತವನು ನೀನೊಬ್ಬನೇ. ಇಲ್ಲಿ ಎಲ್ಲರಿಗೂ ಹಾಗೇ ಹೇಳಿಕೊಂಡು ತಿರುಗುತ್ತಿದ್ದೇನೆ. ಹಳೆಯ ಗಾಡಿ ಮಾರುವ ಅಂಗಡಿ ಇಟ್ಟುಕೊಂಡ ಅಣ್ಣ ಇದ್ದರೆ ಇಂಥ ಗಾಡಿ ಸಿಗುತ್ತದೆ ಅಂತ ಲೋಕಮ್ಮನಿಗೆ ಹೊಟ್ಟೆ ಉರಿಸಿದೆ.

ಹುಬ್ಬಳ್ಳಿಯ ನಿರ್ಮಲಮ್ಮನವರಿಗೂ ತಿಳಿಸಿದೆ. ಬ್ಯಾಂಕಿನಿಂದ ನಿವೃತ್ತಿಯಾದವರು, ಹೆಂಗಸರನ್ನು ಕಟ್ಟಿಕೊಂಡು ವರ್ಷಕ್ಕೊಂದು ಸಲ ಬೈಕಿನಲ್ಲಿ ದೂರ ಹೋಗುತ್ತಾರೆ ಅಂತ ಹೇಳಿದ್ದೆನಲ್ಲ, ಅವರೇ. ಡಿಸೆಂಬರ್ ಕೊನೆಗೆ ಈ ಸಲ ಗುಜರಾತಿನ ಕಛ್‌ನ ಬಿಳಿ ಮರುಭೂಮಿಗೆ. ಕಣ್ಣು ಹಾಯುವಷ್ಟು ದೂರ ಬರೀ ಉಪ್ಪಂತೆ. ಅಷ್ಟು ಹೊತ್ತಿಗೆ ಇಲ್ಲಿ ಮಂಗನ ಕಾಯಿಲೆಯ ದಿನ ಶುರುವಾಗುತ್ತದೆ, ನರ್ಸುಗಳಿಗೆ ರಜೆ ಕೊಡುವುದು ಕಷ್ಟ. ಆದರೂ ದಸರೆ, ದೀಪಾವಳಿ ಎರಡೂ ಹಬ್ಬಕ್ಕೆ ನಾನೇ ಡ್ಯೂಟಿ ಮಾಡುತ್ತೇನೆ ಅಂತ ಒಪ್ಪಿಕೊಂಡು ರಜೆ ಹೊಂದಿಸಿಕೊಂಡಿದ್ದೇನೆ.

ಚಂದ್ರಗುತ್ತಿಯ ಏರಿನಲ್ಲಿ ಎಂಜಿನ್ ಸ್ವಲ್ಪ ಟಕಟಕ ಅಂತು, ಕ್ಲಚ್ಚೂ ಜಾರಿತು. ಹೊಸ ಮನೆಗೆ ಬಂದಿದೆ, ಹೊಂದಿಕೊಳ್ಳಲಿ ಅಂತ ಸುಮ್ಮನಾದೆ. ಹೌದಲ್ಲ?

ನಿನ್ನ ತಂಗಿ,
ಗಂಗಿ

*

ಶಿಕಾರಿಪುರ
೪ ಸೆಪ್ಟೆಂಬರ್ ೨೦೨೪

ಗಂಗವ್ವನಿಗೆ ಅಣ್ಣನ ಆಶೀರ್ವಾದ.

ಸುರೇಂದ್ರನ ಕೈಯಲ್ಲಿ ಕ್ಲಚ್ ಪ್ಲೇಟು, ಕೇಬಲ್ಲು ಕಳಿಸಿದ್ದೇನೆ. ಅಂಗಡಿಯಲ್ಲಿ ತೋರಿಸಿಕೊಟ್ಟಿದ್ದೆನಲ್ಲ, ಹಾಗೇ ಹಾಕಿಕೋ. ನೀನು ಸೂಜಿ ಚುಚ್ಚುವ ಕೈಯವಳು, ಸ್ಪ್ಯಾನರ್ ಹಿಡಿಯುವುದೇನು ಮಹಾ. ಹಳೆಯ ಗಾಡಿ ಅಂದಮೇಲೆ ಸಣ್ಣಪುಟ್ಟದ್ದು ಇದ್ದೇ ಇರುತ್ತದೆ. ಒಂದು ಮಾತು ಮಾತ್ರ ನೆನಪಿಟ್ಟುಕೋ. ಅಲ್ಲಿ ಇಲ್ಲಿ ಯಾರ ಕೈಗೂ ಗಾಡಿ ಕೊಡಬೇಡ. ಒಬ್ಬೊಬ್ಬ ಮೆಕ್ಯಾನಿಕ್ ಒಂದೊಂದು ಹೇಳಿ ತಲೆ ಕೆಡಿಸುತ್ತಾನೆ. ಏನಿದ್ದರೂ ನನಗೇ ಬರೆ.

ಇನ್ನೊಂದು ವಿಷಯ. ಈಸೂರಿನ ಕಡೆಯ ಮನೆತನ, ಇಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದಾರೆ. ಹುಡುಗನ ಹೆಸರು ಗುರುಪ್ರಕಾಶ್. ನಿನ್ನ ಫೋಟೋ ನೋಡಿ ಒಪ್ಪಿದ್ದಾರೆ. ಮುಖ ಸಿಂಡರಿಸಬೇಡ, ಮಾತಾಡಿ ನೋಡು, ಆಮೇಲೆ ನಿನ್ನಿಷ್ಟ. ಗಾಡಿಯ ವಿಷಯ ಅವರ ಮನೆಯವರಿಗೆ ಹೇಗೆ ಹೇಳಬೇಕೋ ಹಾಗೆ ನಾನು ಹೇಳಿಕೊಳ್ಳುತ್ತೇನೆ.

ಅವ್ವ ಆರಾಮ. ದಿನಾ ಸಂಜೆ ನಿನ್ನ ಗಾಡಿಗೆ ಬೈದೇ ಊಟ ಮಾಡುತ್ತಾಳೆ.

ಇಂತಿ,
ಸಿದ್ಧಲಿಂಗೇಶ್

*

ಕ್ಯಾಸನೂರು
೬ ಅಕ್ಟೋಬರ್ ೨೦೨೪

ಅಣ್ಣ,

ಪ್ಲೇಟು ಹಾಕಿದೆ. ಉಗುರಿನ ಸಂದಿಯ ಎಣ್ಣೆ ಇನ್ನೂ ಹೋಗಿಲ್ಲ. ಮೊನ್ನೆ ಒಬ್ಬ ಅಜ್ಜಿ ಸೂಜಿ ಹಾಕಿಸಿಕೊಳ್ಳಲು ಬಂದವಳು ನನ್ನ ಕೈ ನೋಡಿ, "ಬೇಡ ತಂಗಿ, ನಂಗೆ ಜ್ವರ ಇಳ್ದದೆ" ಅಂತ ಎದ್ದೇ ಹೋದಳು.

ಆದರೆ ಗಾಡಿಯ ಹಠ ಕಡಿಮೆಯಾಗಿಲ್ಲ. ಹೋದ ವಾರ ಸೊರಬಕ್ಕೆ ಹೋಗುವಾಗ ನಡುದಾರಿಯಲ್ಲಿ ನಿಂತುಬಿಟ್ಟಿತು. ತಳ್ಳಿಕೊಂಡು ಹೋದೆ. ದಾರಿಯಲ್ಲಿ ಸಿಕ್ಕವರೆಲ್ಲ ಸಹಾಯ ಮಾಡುವ ಮೊದಲು ಒಂದು ಉಪದೇಶ ಮಾಡಿದರು. ಬಸ್ ಸ್ಟ್ಯಾಂಡಿನ ಹತ್ತಿರ ಗ್ಯಾರೇಜು ಇಟ್ಟಿರುವ ಸುಬ್ಬಪ್ಪ, "ಮೇಡಂ, ಒಂದ್ಸಲ ಎಂಜಿನ್ ಬಿಚ್ಚಿ ನೋಡ್ಲಾ? ಸೌಂಡು ಯಾಕೋ ಸರಿ ಇಲ್ಲ" ಅಂದ. ನಾನು ಬಿಡಲಿಲ್ಲ. ತವರಿನಿಂದ ಕೊಟ್ಟ ಸೀರೆಯನ್ನು ಯಾರಾದರೂ ಅಂಗಡಿಗೆ ಒಯ್ದು ಬೆಲೆ ಕಟ್ಟಿಸುತ್ತಾರೆಯೇ? ಅಣ್ಣ ಕೊಡಿಸಿದ ಗಾಡಿ, ಅವನೇ ನೋಡ್ತಾನೆ ಅಂದೆ. ಅವನು ಪ್ಲಗ್ಗು ಒರೆಸಿಕೊಟ್ಟ.

ಮುಂದಿನ ಚಕ್ರ ಹಿಡಿದಿರುವ ಫೋರ್ಕಿನಿಂದ ಸ್ವಲ್ಪ ಎಣ್ಣೆ ಒಸರುತ್ತಿದೆ. ಅದಕ್ಕೇನು ಮಾಡಲಿ?

ನಿರ್ಮಲಮ್ಮ ಒಂದು ಕಟ್ಟಳೆ ಹಾಕಿದ್ದಾರೆ. ಕಛ್‌ಗೆ ಬರುವವರೆಲ್ಲ ನವೆಂಬರಿನಲ್ಲಿ ಹೊನ್ನಾವರಕ್ಕೆ ತಮ್ಮ ತಮ್ಮ ಗಾಡಿಯಲ್ಲಿ ಬಂದು ಸೇರಬೇಕು. ಘಾಟಿ ಇಳಿದು ಹತ್ತಲು ಆಗದವರು ಕಛ್‌ಗೆ ಗಾಡಿ ತರುವಂತಿಲ್ಲ. ನನಗೆ ಅದೊಂದೇ ಚಿಂತೆ. ಅಷ್ಟರೊಳಗೆ ಇದನ್ನು ಹೇಗಾದರೂ ದಾರಿಗೆ ತಂದುಕೊಡು ಅಣ್ಣ.

ಗಂಗಿ

*

ಶಿಕಾರಿಪುರ
೧೪ ಅಕ್ಟೋಬರ್ ೨೦೨೪

ಗಂಗವ್ವನಿಗೆ,

ಆಯುಧಪೂಜೆಯ ದಿನ ನೀನು ಇರಲಿಲ್ಲ, ಅಂಗಡಿ ಬಿಕೋ ಅನ್ನಿಸಿತು. ಇದರ ಜೊತೆ ಚೈನು, ಪ್ಲಗ್ಗು ಕಳಿಸಿದ್ದೇನೆ. ಫೋರ್ಕಿನ ಎಣ್ಣೆ ಹಳೆಯ ಗಾಡಿಗೆಲ್ಲ ಸಹಜ, ಬಟ್ಟೆಯಲ್ಲಿ ಒರೆಸಿಕೊಂಡು ಓಡಿಸು.

ಒಂದು ಹೇಳಲೇ? ನಿನ್ನ ಆಸೆಗೆ ನಾನು ಅಡ್ಡ ಬರುವವನಲ್ಲ. ಆದರೆ ಗಾಡಿ ಹೀಗೆ ತೊಂದರೆ ಕೊಡುತ್ತಿರುವಾಗ ಅಷ್ಟು ದೂರ ಬೇಕಾ ಅಂತ ನೀನೇ ಯೋಚನೆ ಮಾಡು. ಈ ವರ್ಷ ಬಿಟ್ಟರೆ ಕಛ್ ಎಲ್ಲಿಗೂ ಓಡಿಹೋಗುವುದಿಲ್ಲ. ಗುರುಪ್ರಕಾಶ್ ಮನೆಯವರೂ ಕೇಳುತ್ತಿದ್ದಾರೆ. ಬೇಡ ಅನ್ನುತ್ತಿಲ್ಲ, ನಿನ್ನ ತೀರ್ಮಾನ.

ಅಣ್ಣ

*

ಕ್ಯಾಸನೂರು
೧೨ ನವೆಂಬರ್ ೨೦೨೪

ಅಣ್ಣ,

ಇದನ್ನು ಅವ್ವನ ಮುಂದೆ ಓದಬೇಡ.

ಭಾನುವಾರ ಹೊನ್ನಾವರಕ್ಕೆ ಹೊರಟಿದ್ದೆ. ಸಿದ್ದಾಪುರ, ಜೋಗ ದಾಟುವವರೆಗೂ ಚೆನ್ನಾಗಿಯೇ ಹೋದೆ. ಹೆಲ್ಮೆಟ್ಟಿನೊಳಗೆ ಒಬ್ಬಳೇ ಹಾಡಿಕೊಳ್ಳುತ್ತಿದ್ದೆ. ಗೇರುಸೊಪ್ಪೆ ಘಾಟಿಯಲ್ಲಿ ಒಂದು ತಿರುವಿಗೆ ಮುಂಚೆ ಮುಂದಿನ ಬ್ರೇಕು ಹಿಡಿದರೆ ಗಾಡಿ ನಿಲ್ಲಲೇ ಇಲ್ಲ. ಎದುರಿಗೆ ಲಾರಿ ಬರುತ್ತಿತ್ತು. ಗೇರು ಇಳಿಸಿ, ಹಿಂದಿನ ಬ್ರೇಕು ತುಳಿದು, ಗಾಡಿಯನ್ನು ಗುಡ್ಡದ ಕಡೆಯ ಚರಂಡಿಗೆ ಬಿಟ್ಟೆ. ಇನ್ನೊಂದು ಕಡೆ ಬಿಟ್ಟಿದ್ದರೆ ಈ ಕಾಗದ ಬರುತ್ತಿರಲಿಲ್ಲ. ಮೊಣಕೈ ಕಿತ್ತಿದೆ, ನಾಲ್ಕು ಹೊಲಿಗೆ. ನಮ್ಮ ಆಸ್ಪತ್ರೆಯಲ್ಲೇ ಹಾಕಿಸಿಕೊಂಡೆ. ಲಾರಿಯವರು ಒಳ್ಳೆಯವರು, ಗಾಡಿಯನ್ನೂ ನನ್ನನ್ನೂ ಸಿದ್ದಾಪುರದವರೆಗೆ ತಂದು ಬಿಟ್ಟರು.

ಫೋರ್ಕಿನಿಂದ ಸೋರಿದ ಎಣ್ಣೆ ಬ್ರೇಕಿನ ಪ್ಯಾಡಿಗೆ ಇಳಿದಿತ್ತು. ನಾನು ಸರಿಯಾಗಿ ಒರೆಸಿಕೊಳ್ಳಲಿಲ್ಲವೇನೋ. ನಿನ್ನ ತಪ್ಪು ಅಂತ ಒಂದು ಕ್ಷಣವೂ ಅಂದುಕೊಳ್ಳಬೇಡ. ನನಗೇ ಇಂಥ ಗಾಡಿ ನೋಡಿಕೊಳ್ಳುವ ಯೋಗ್ಯತೆ ಇಲ್ಲ ಅನ್ನಿಸುತ್ತಿದೆ. ಬೇರೆಯವರೆಲ್ಲ ಹೊನ್ನಾವರ ಮುಟ್ಟಿದರು. ನಿರ್ಮಲಮ್ಮ ಫೋನು ಮಾಡಿ, "ಜೀವ ಉಳೀತಲ್ಲ ಬಿಡವ್ವ" ಅಂದರು. ಗಾಡಿ ತರುವವರ ಪೈಕಿ ನನ್ನ ಹೆಸರು ಇನ್ನು ಇಲ್ಲ. ನನಗೆ ಅಳು ಬಂತು.

ನಿನಗೆ ಕೆಟ್ಟ ಹೆಸರು ತಂದೆ. ನೀನು ಅಷ್ಟು ಪ್ರೀತಿಯಿಂದ ಕೊಡಿಸಿದ್ದೆ. ಮುಂದಿನ ಎತ್ತರದ ಗಾಜು ಒಡೆದುಹೋಗಿದೆ, ಬೈಯಬೇಡ.

ಗಂಗಿ

*

ಕ್ಯಾಸನೂರು
೧ ಡಿಸೆಂಬರ್ ೨೦೨೪

ಅಣ್ಣ,

ಹೋದ ಕಾಗದಕ್ಕೆ ನೀನು ಉತ್ತರ ಬರೆಯಲಿಲ್ಲ. ಒಂದು ಡಬ್ಬಿ ಕರದಂಟು ಕಳಿಸಿದೆಯಷ್ಟೇ. ಬೇಜಾರಾಗಿ ಮಾತು ಹೊರಡಲಿಲ್ಲ ಅಂದುಕೊಂಡಿದ್ದೆ. ಈಗ ಗೊತ್ತಾಯಿತು.

ನಿನ್ನೆ ಗುರುಪ್ರಕಾಶ್ ಸೊರಬಕ್ಕೆ ಬಂದಿದ್ದರು. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂತು ದೋಸೆ ತಿಂದೆವು. ಸಂಕೋಚದ ಮನುಷ್ಯ, ಒಳ್ಳೆಯವರು. ನನ್ನ ಕೈ ನೋಡಿ, "ಏನಾಯ್ತ್ರೀ ಇದು?" ಅಂದರು. ಘಾಟಿಯ ಕಥೆ ಹೇಳಿದೆ. ಅವರ ಮುಖ ಸಣ್ಣಗಾಯಿತು.

"ಅಯ್ಯೋ, ಇಷ್ಟು ದೂರ ಹೋಗುತ್ತೆ ಅಂತ ನಿಮ್ಮಣ್ಣ ಹೇಳಿರ್ಲಿಲ್ಲ ಕಣ್ರೀ" ಅಂದರು.

"ಏನು ಹೇಳಿದ್ದ?" ಅಂತ ಕೇಳಿದೆ.

"ನಿಮ್ಗೆ ಗೊತ್ತಿಲ್ವಾ?"

ಆಮೇಲೆ ಅವರು ಮಾತು ಬೇರೆ ಕಡೆ ತಿರುಗಿಸಲು ನೋಡಿದರು. ನಾನು ಬಿಡಲಿಲ್ಲ. ಕಡೆಗೆ ದೋಸೆ ಪಕ್ಕಕ್ಕೆ ಸರಿಸಿ ಹೇಳಿದರು. "ನಮ್ಮ ಮನೆಗೆ ಬಂದಾಗ ಅಂದ್ರು, ಗಾಡಿ ಬಗ್ಗೆ ತಲೆ ಕೆಡಿಸ್ಕೋಬೇಡ್ರಿ, ಎಂಜಿನ್ ಮುಗಿದಿರೋ ಗಾಡೀನೇ ಹುಡುಕಿ ಕೊಡ್ಸಿದೀನಿ, ನಾಕು ಸಲ ನಡುದಾರೀಲಿ ನಿಂತ್ರೆ ಅವಳಿಗೇ ಸಾಕಾಗುತ್ತೆ, ದೀಪಾವಳಿ ಹೊತ್ತಿಗೆ ಹುಚ್ಚು ಬಿಡುತ್ತೆ ಅಂತ. ಮನೆಯೋರೆಲ್ಲ ನಕ್ಕರು. ನಾನೂ ನಕ್ಕೆ. ತಪ್ಪಾಯ್ತ್ರೀ."

ಸುಳ್ಳಿರಬಹುದು ಅಂದುಕೊಂಡೆ ಅಣ್ಣ. ದೇವರಾಣೆಗೂ ಮೊದಲು ಬಂದ ಯೋಚನೆ ಅದೇ. ಈ ಮನುಷ್ಯನೇ ಸುಳ್ಳು ಹೇಳುತ್ತಿದ್ದಾನೆ, ನನ್ನ ಅಣ್ಣ ಅಂಥವನಲ್ಲ ಅಂತ. ಘಾಟಿಯಿಂದ ಬಂದಾಗಿನಿಂದ ಗಾಡಿ ಸುಬ್ಬಪ್ಪನ ಗ್ಯಾರೇಜಿನಲ್ಲೇ ನಿಂತಿತ್ತಲ್ಲ, ನೇರ ಅಲ್ಲಿಗೆ ಹೋಗಿ ಎಂಜಿನ್ ಬಿಚ್ಚಿಸಿದೆ. ಒಳಗೆ ಸವೆದು ಹೋಗಿದ್ದನ್ನು ನಾನೇ ಕಣ್ಣಾರೆ ನೋಡಿದೆ. ಅದಾದರೂ ಹೋಗಲಿ, ನೀನು ಕಳಿಸಿದ ಕ್ಲಚ್ ಪ್ಲೇಟು ಯಾವುದೋ ಗಾಡಿಯಿಂದ ಬಿಚ್ಚಿದ್ದು. ನೀನೇ ತೊಳೆದು ಹೊಸ ಡಬ್ಬಿಗೆ ಹಾಕಿದ್ದೆ. ಆ ಡಬ್ಬಿಗೆ ಟೇಪು ಅಂಟಿಸುವಾಗ ನಿನಗೆ ಏನನ್ನಿಸಿತು? ನಾನು ಅದನ್ನು ಕಣ್ಣಿಗೊತ್ತಿಕೊಂಡು ಬಿಚ್ಚಿದ್ದೆ.

ಅವ್ವ ನನ್ನ ಮುಖಕ್ಕೇ ಬೇಡ ಅಂದಳು. ಆರು ವರ್ಷ ಅವಳ ಜೊತೆ ಜಗಳವಾಡಿದ್ದೇನೆ, ಎಷ್ಟೋ ಸಲ ಅಳಿಸಿದ್ದೇನೆ. ಇವತ್ತು ಆ ಮನೆಯಲ್ಲಿ ನನಗೆ ನಂಬಿಕೆ ಉಳಿದಿರುವುದು ಅವಳೊಬ್ಬಳ ಮೇಲೆ. ನೀನೂ ಬೇಡ ಅಂದಿದ್ದರೆ ನಿನ್ನ ಜೊತೆಗೂ ಜಗಳವಾಡುತ್ತಿದ್ದೆ, ನಾಲ್ಕು ದಿನ ಮಾತು ಬಿಡುತ್ತಿದ್ದೆ, ಆಮೇಲೆ ಸರಿಹೋಗುತ್ತಿತ್ತು. ನೀನು ನಗುನಗುತ್ತ ನಿಂಬೆಹಣ್ಣು ಇಟ್ಟೆಯಲ್ಲ! ಗುರುಪ್ರಕಾಶ್ ಒಳ್ಳೆಯವರೇ ಇರಬಹುದು, ಆದರೆ ಒಟ್ಟಿಗೆ ಕೂತು ನನ್ನನ್ನು ನೋಡಿ ನಕ್ಕ ಮನೆಗೆ ನಾನು ಸೊಸೆಯಾಗಿ ಹೋಗಲಾರೆ. ಅದನ್ನು ಅವರಿಗೆ ಹೇಳಿಯೇ ಬಂದಿದ್ದೇನೆ.

ಒಂದಕ್ಕೆ ಮಾತ್ರ ಉತ್ತರ ಕೊಡು. ಫೋರ್ಕಿನ ಎಣ್ಣೆ ಎಲ್ಲಿಗೆ ಇಳಿಯುತ್ತದೆ ಅಂತ ಇಷ್ಟು ವರ್ಷ ಗಾಡಿ ಮಾರಿದ ನಿನಗೆ ಗೊತ್ತಿರಲಿಲ್ಲವೇ?

ಗಂಗಾಶ್ರೀ

*

ಶಿಕಾರಿಪುರ
೬ ಡಿಸೆಂಬರ್ ೨೦೨೪

ಗಂಗವ್ವ,

ಎಷ್ಟು ಹಾಳೆ ಹರಿದೆನೋ ನನಗೇ ಗೊತ್ತಿಲ್ಲ.

ಗೊತ್ತಿತ್ತು. ಒರೆಸಿಕೋ ಅಂತ ಬರೆಯುವಾಗ ಗೊತ್ತಿತ್ತು. ಅಷ್ಟು ಸೋರುವುದಿಲ್ಲ, ಅಷ್ಟರೊಳಗೆ ಎಂಜಿನ್ನೇ ಕೈಕೊಡುತ್ತದೆ, ನೀನು ಘಾಟಿಯವರೆಗೆ ಹೋಗುವುದೇ ಇಲ್ಲ ಅಂದುಕೊಂಡಿದ್ದೆ. ಅಷ್ಟು ಕೆಟ್ಟ ಗಾಡಿಯನ್ನು ನೀನು ಅಷ್ಟು ದೂರ ನಡೆಸಿಕೊಂಡು ಹೋಗುತ್ತೀಯ ಅಂತ ನಾನು ಲೆಕ್ಕ ಹಾಕಿರಲಿಲ್ಲ. ಘಾಟಿಯ ವಿಷಯ ಬರೆದ ನಿನ್ನ ಕಾಗದ ಬಂದ ದಿನ ಅಂಗಡಿಯ ಬಾಗಿಲು ಎಳೆದುಕೊಂಡು ಒಳಗೆ ಕೂತೆ. ಮೊಣಕೈ ಬದಲು ಇನ್ನೇನಾದರೂ ಆಗಿದ್ದರೆ ಅಂತ ಯೋಚನೆ ಬಂದಾಗೆಲ್ಲ ಊಟ ಸೇರುತ್ತಿಲ್ಲ.

ಎಲ್ಲ ನಿನ್ನ ಒಳ್ಳೆಯದಕ್ಕೇ ಮಾಡಿದೆ ಅಂತ ಬರೆಯಬೇಕು ಅಂದುಕೊಂಡೆ. ಅದು ಪೂರ್ತಿ ನಿಜವಲ್ಲ. ನಿನ್ನನ್ನು ಅಷ್ಟು ದೂರ ಕಳಿಸಲು ನನಗೂ ಅವ್ವನಷ್ಟೇ ಭಯ. ಆದರೆ ಬೇಡ ಅನ್ನಲು ಬಾಯಿ ಬರಲಿಲ್ಲ. ನಮ್ಮ ಅಣ್ಣ ಒಬ್ಬನೇ ನನ್ನ ಪರ ಅಂತ ನೀನು ಊರಿಗೆಲ್ಲ ಹೇಳುತ್ತಿದ್ದೆಯಲ್ಲ, ಅದನ್ನು ಕೇಳಲು ನನಗೆ ಹಿತವಾಗಿತ್ತು. ಆ ಹೆಸರೂ ಬೇಕಿತ್ತು, ನೀನು ಹೋಗುವುದೂ ಬೇಡವಾಗಿತ್ತು. ಗಾಡಿಯ ಮೇಲೆ ಹಾಕಿ ನಾನು ಪಾರಾಗಿಬಿಡೋಣ ಅಂತ ಹೀಗೆ ಮಾಡಿದೆ.

ಚೈತ್ರ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಬಿಡಲಿ. ನಾನು ಸರಿಮಾಡುತ್ತೇನೆ, ಒಂದು ಅವಕಾಶ ಕೊಡು.

ಅಣ್ಣ

*

(ಕೀಲಿಕೈಯ ಜೊತೆ ಲೋಕಮ್ಮನ ಕೈಗೆ ಕೊಟ್ಟ ಚೀಟಿ)

ಕ್ಯಾಸನೂರು
೧೬ ಡಿಸೆಂಬರ್ ೨೦೨೪

ಗಂಗವ್ವ,

ನೀನು ಡ್ಯೂಟಿಯಲ್ಲಿದ್ದೀಯ. ಇದಿರು ನಿಲ್ಲುವ ಧೈರ್ಯ ನನಗೂ ಇಲ್ಲ. ಕ್ವಾರ್ಟರ್ಸಿನ ಮುಂದೆ ಇನ್ನೊಂದು ಗಾಡಿ ನಿಲ್ಲಿಸಿದ್ದೇನೆ. ಮೂರು ಜಿಲ್ಲೆ ತಿರುಗಿ ಹುಡುಕಿದ್ದು. ಒಬ್ಬರೇ ನಡೆಸಿದ್ದು, ಬಿದ್ದ ಗುರುತು ಒಂದೂ ಇಲ್ಲ. ಈ ಸಲ ನಿಜವಾಗಿ ಚೆನ್ನಾಗಿದೆ. ಯಾರ ಹತ್ತಿರ ಬೇಕಾದರೂ ಬಿಚ್ಚಿಸಿ ನೋಡು. ಹಳೆಯದನ್ನು ಸುಬ್ಬಪ್ಪನ ಗ್ಯಾರೇಜಿನಿಂದ ನಾನೇ ಒಯ್ಯುತ್ತೇನೆ. ನಿರ್ಮಲಮ್ಮನವರಿಗೂ ಫೋನು ಮಾಡಿ ಎಲ್ಲ ಹೇಳಿ ಕೈಮುಗಿದೆ. ಗಾಡಿ ಸರಿ ಇದ್ದರೆ ಅವಳು ನಡೆಸಿಕೊಂಡೇ ಬರಲಿ ಅಂದಿದ್ದಾರೆ. ಹೋಗಿ ಬಾ. ಸಂಕ್ರಾಂತಿಗೆ ಮನೆಗೆ ಬಾ, ಅವ್ವ ಕಾಯುತ್ತಿದ್ದಾಳೆ.

ಬಸ್ಸಿಗೆ ಹೊತ್ತಾಯಿತು.

ಅಣ್ಣ

*

ಕ್ಯಾಸನೂರು
೨೨ ಡಿಸೆಂಬರ್ ೨೦೨೪

ಅಣ್ಣ,

ಇವತ್ತು ರಜೆ. ಬೆಳಿಗ್ಗೆಯಿಂದ ನೀನು ತಂದು ನಿಲ್ಲಿಸಿದ ಗಾಡಿಯ ಮುಂದೆ ಕೂತಿದ್ದೆ. ಸೀಟು ತೆಗೆದೆ, ಟ್ಯಾಂಕು ಇಳಿಸಿದೆ. ಎಂಜಿನ್ ಎಣ್ಣೆಯನ್ನು ಬೆರಳಿನಲ್ಲಿ ತಿಕ್ಕಿ ಬೆಳಕಿಗೆ ಹಿಡಿದೆ. ಚಾಸಿಯಲ್ಲಿ ಬೆಸುಗೆ ಹಾಕಿದ ಗುರುತಿದೆಯೇ ಅಂತ ನೆಲದ ಮೇಲೆ ಮಲಗಿ ನೋಡಿದೆ. ಫೋರ್ಕಿಗೆ ಬಿಳಿ ಬಟ್ಟೆ ಸುತ್ತಿ ಎಷ್ಟೋ ಹೊತ್ತು ಬಿಟ್ಟು ಬಿಚ್ಚಿದೆ. ಒಂದು ಕಲೆ ಇರಲಿಲ್ಲ. ಸುಬ್ಬಪ್ಪನನ್ನು ಕರೆಸಿದೆ. ಅವನು ಒಂದು ಸುತ್ತು ಓಡಿಸಿ ಬಂದು, "ಎಂಥದೂ ತೊಂದ್ರೆ ಇಲ್ಲ ಮೇಡಂ, ಒಳ್ಳೇ ಗಾಡಿ. ಹೆದರ್ದೆ ಹೋಗಿ" ಅಂದ. ಅವನು ಹೋದ ಮೇಲೆ ಮತ್ತೆ ಬಿಚ್ಚಿದೆ. ಮಧ್ಯಾಹ್ನದ ಊಟ ಮಾಡಲಿಲ್ಲ. ಏನಾದರೊಂದು ಸಿಗಲಿ ಅಂತ ಹುಡುಕಿದೆ, ಏನೂ ಸಿಗಲಿಲ್ಲ. ಸಿಗದೆ ಹೋದದ್ದಕ್ಕೆ ಸಂತೋಷವಾಗಬೇಕಿತ್ತು. ಸ್ಪ್ಯಾನರ್ ಬಿಸಾಕಿ ಅಲ್ಲೇ ಕೂತು ಅತ್ತೆ.

ಹತ್ತಿಯೂ ನೋಡಿದೆ. ಆಸ್ಪತ್ರೆಯ ಗೇಟಿನವರೆಗೆ ಹೋದೆ. ಎಂಜಿನ್ ಸದ್ದು ಎಷ್ಟು ಚಂದ ಇದೆ ಗೊತ್ತಾ, ನಾನು ಆರು ವರ್ಷ ಕನಸಿನಲ್ಲಿ ಕೇಳಿಸಿಕೊಂಡ ಸದ್ದು ಅದೇ. ಆದರೆ ಅಷ್ಟೇ ದೂರದಲ್ಲಿ ಎಷ್ಟು ಸಲ ಬ್ರೇಕು ಹಿಡಿದು ನೋಡಿದೆನೋ. ಹೀಗೆ ಹೆದರಿಕೊಂಡು ಕಛ್‌ವರೆಗೆ ಯಾರೂ ಹೋಗಲಾರರು. ಗಾಡಿ ಚೆನ್ನಾಗಿಯೇ ಇದೆ ಅಣ್ಣ. ಚೆನ್ನಾಗಿದೆ ಅಂತ ಹೇಳಿದವನು ನೀನಾಗಿಬಿಟ್ಟೆ.

ಅದಕ್ಕೆ ಸಂಜೆ ಸುಬ್ಬಪ್ಪನನ್ನು ಮತ್ತೆ ಕರೆಸಿ ಗಾಡಿಯನ್ನು ಅವನ ಗ್ಯಾರೇಜಿಗೆ ಕಳಿಸಿದ್ದೇನೆ, ಕೀಲಿಕೈಯನ್ನು ಅವನೇ ಸುರೇಂದ್ರನ ಕೈಗೆ ಕೊಡುತ್ತಾನೆ. ಯಾರಾದರೂ ಒಳ್ಳೆಯವರಿಗೆ ಮಾರು. ಇರುವುದನ್ನು ಇದ್ದ ಹಾಗೆ ಹೇಳಿ ಮಾರು.

ಕಛ್‌ಗೆ ಹೋಗುತ್ತಿದ್ದೇನೆ. ನಿರ್ಮಲಮ್ಮನವರ ಗಾಡಿಯ ಹಿಂದಿನ ಸೀಟಿನಲ್ಲಿ ಕೂತು ಹೋಗುತ್ತೇನೆ. ನಾನು ಇಷ್ಟು ದಿನ ಆಸೆಪಟ್ಟದ್ದು ಯಾರದೋ ಬೆನ್ನು ನೋಡಿಕೊಂಡು ಹೋಗುವುದಕ್ಕಲ್ಲ, ಅದು ನಿನಗೂ ಗೊತ್ತು. ಆದರೂ ಹೋಗುತ್ತೇನೆ. ಹೋಗದೆ ಇದ್ದರೆ ನೀನು ಅಂದುಕೊಂಡದ್ದೇ ಆದ ಹಾಗಾಗುತ್ತದೆ.

ಅವ್ವನಿಗೆ ನಾನೇ ಬೇರೆ ಕಾಗದ ಬರೆದಿದ್ದೇನೆ. ಅತ್ತಿಗೆಗೆ ನಿನ್ನ ಜೊತೆ ಮಾತಾಡಲು ಹೇಳಿದ್ದೇನೆ, ನನ್ನ ದೆಸೆಯಿಂದ ಆ ಮನೆ ಮೂಕವಾಗುವುದು ಬೇಡ. ನಿನ್ನ ಮೇಲೆ ಕೋಪ ಇದೆಯಾ ಅಂತ ಕೇಳಿದರೆ, ಇದೆ. ಅದು ಕಡಿಮೆಯಾಗಬಹುದು. ಘಾಟಿಯ ವಿಷಯವನ್ನೂ ಒಂದಲ್ಲ ಒಂದು ದಿನ ಕ್ಷಮಿಸಿಬಿಡುತ್ತೇನೇನೋ, ಎಷ್ಟಾದರೂ ಅಣ್ಣ.

ಸಂಕ್ರಾಂತಿಗೆ ಕರೆದಿದ್ದೀಯ. ಮೊದಲಾದರೆ ನೀನು ಬಾ ಅಂದರೆ ಚಪ್ಪಲಿ ಹಾಕಿಕೊಳ್ಳಲೂ ನಿಲ್ಲುತ್ತಿರಲಿಲ್ಲ. ಈಗ ನೀನು ಊಟಕ್ಕೆ ಕರೆದರೂ ಯಾಕೆ ಕರೆದ, ಅಲ್ಲಿ ಯಾರು ಬಂದು ಕೂತಿರುತ್ತಾರೆ, ನಾನು ಬರುವುದಕ್ಕೆ ಮುಂಚೆ ಅವರಿಗೆ ನನ್ನ ಬಗ್ಗೆ ಏನು ಹೇಳಿ ನಗಿಸಿರುತ್ತಾನೆ ಅಂತ ಯೋಚನೆ ಬರುತ್ತದೆ. ಅದಕ್ಕೇ ಬರುತ್ತಿಲ್ಲ.

ಗಂಗಾಶ್ರೀ